ಮಾರ್ಕಪ್ ಸೊನ್ನೆ, ಕಳೆದದ್ದು ನೂರಕ್ಕೆ ನಾಲ್ಕು: ಒಂದು ಕುಟುಂಬದ ಥಾಯ್ಲೆಂಡ್ ಪ್ರವಾಸದ ಲೆಕ್ಕ

ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಊರಿನ ಕುಟುಂಬ. ಅಪ್ಪನಿಗೆ ಬೀಜ, ಗೊಬ್ಬರದ ಅಂಗಡಿ. ಅಮ್ಮ ಹೈಸ್ಕೂಲಿನಲ್ಲಿ ಟೀಚರ್. ಮಗಳಿಗೆ ಬೆಂಗಳೂರಿನಲ್ಲಿ ಕೆಲಸ. ಗುರುತು ಸಿಗಬಾರದು ಅಂತ ಊರು, ಹೆಸರು, ಬ್ಯಾಂಕು ಯಾವುದನ್ನೂ ಇಲ್ಲಿ ಹೇಳುತ್ತಿಲ್ಲ. ಕಾರ್ಡು, ಸಾಲ, ಬಡ್ಡಿ ಇಂಥ ಲೆಕ್ಕಗಳನ್ನು ನೆಂಟರಿಷ್ಟರಿಗೆ ನೋಡಿಕೊಡುವ ಅಭ್ಯಾಸ ನನಗಿದೆ. ಹಾಗಾಗಿ ಹೊರಡುವ ಮುಂಚೆ ಒಮ್ಮೆ ನನ್ನ ಜೊತೆ ಕೂತಿದ್ದರು. ವಾಪಸ್ ಬಂದ ಮೇಲೆ ರಸೀದಿ, ಸ್ಟೇಟ್‌ಮೆಂಟ್ ಎಲ್ಲ ಹಿಡಿದುಕೊಂಡು ಮತ್ತೆ ಬಂದರು. ಲೆಕ್ಕವನ್ನು ಹಂಚಿಕೊಳ್ಳಲು ಒಪ್ಪಿದವರು ಅವರೇ.

2024ರ ಡಿಸೆಂಬರ್‌ನಲ್ಲಿ ಮೂವರೂ ಥಾಯ್ಲೆಂಡ್‌ಗೆ ಹೋದರು. ಮೊದಲು ಬ್ಯಾಂಕಾಕ್, ಆಮೇಲೆ ದಕ್ಷಿಣದ ಕಡಲತೀರದ ಊರು ಕ್ರಾಬಿ. ವಿಮಾನದ ಟಿಕೆಟ್‌ಗೆ ಇಲ್ಲೇ ರೂಪಾಯಿ ಕೊಟ್ಟಾಗಿತ್ತು. ಹೋಟೆಲ್ ಬಿಲ್, ಊಟ, ಓಡಾಟ, ದೋಣಿ, ಶಾಪಿಂಗ್ ಮಾತ್ರ ಅಲ್ಲಿಗೆ ಹೋಗಿ ಮಾಡಬೇಕಿದ್ದ ಖರ್ಚು. ಅಂದಾಜು 60,000 ಬಾತ್, ಅಂದರೆ ಥಾಯ್ ಕರೆನ್ಸಿಯಲ್ಲಿ. ಆ ವಾರ ಗೂಗಲ್‌ನಲ್ಲಿ ನೋಡಿದರೆ 1 ಬಾತ್‌ಗೆ 2.48 ರೂಪಾಯಿ ತೋರಿಸುತ್ತಿತ್ತು. ಅಂದರೆ ಹೆಚ್ಚುಕಡಿಮೆ ಒಂದೂವರೆ ಲಕ್ಷ. ಗೂಗಲ್ ತೋರಿಸುವ ಈ ಮಧ್ಯದ ದರದಲ್ಲಿ ನಮ್ಮಂಥವರಿಗೆ ಯಾರೂ ಕರೆನ್ಸಿ ಮಾರುವುದಿಲ್ಲ. ಆದರೆ ಅಳೆಯುವುದಕ್ಕೆ ಅದಕ್ಕಿಂತ ಒಳ್ಳೆ ಅಳತೆಗೋಲಿಲ್ಲ. ಕಮಿಷನ್ ಎಷ್ಟು ಅಂತ ಕೇಳಿದರೆ ಎಲ್ಲರೂ ‘ಸೊನ್ನೆ’ ಅಂತಲೇ ಹೇಳುತ್ತಾರೆ. ಮಧ್ಯದ ದರಕ್ಕಿಂತ ಎಷ್ಟು ಜಾಸ್ತಿ ಕೊಟ್ಟೆವು ಅಂತ ನೋಡಿದರೆ ಮಾತ್ರ ನಿಜ ಗೊತ್ತಾಗುತ್ತದೆ.

ಮೂವರು, ಮೂರು ಉಪಾಯ

ಅಪ್ಪನ ಉಪಾಯ ಸರಳ: ರೂಪಾಯಿ ನೋಟನ್ನೇ ಒಯ್ಯೋಣ. ಹಿಂದಿನ ವರ್ಷ ಹೋಗಿಬಂದ ಸ್ನೇಹಿತರೊಬ್ಬರು, ಬ್ಯಾಂಕಾಕ್‌ನ ಪ್ರತೂನಾಮ್ ಕಡೆ ರೂಪಾಯಿ ಕೊಟ್ಟರೆ ಬಾತ್ ಕೊಡುತ್ತಾರೆ ಅಂದಿದ್ದರಂತೆ. ಕೊಡುತ್ತಾರೆ, ಸುಳ್ಳಲ್ಲ. ಆದರೆ ರೂಪಾಯಿಗೆ ಅಲ್ಲಿ ಸಿಗುವ ದರ ಡಾಲರ್‌ಗೆ ಸಿಗುವಷ್ಟು ಒಳ್ಳೆಯದಾಗಿರುವುದಿಲ್ಲ. ಸಾಲದ್ದಕ್ಕೆ ದೇಶದಿಂದ ಹೊರಗೆ ಒಬ್ಬರು 25,000 ರೂಪಾಯಿಗಿಂತ ಹೆಚ್ಚು ಭಾರತೀಯ ನೋಟು ಒಯ್ಯುವಂತಿಲ್ಲ.

ಅಮ್ಮನಿಗೆ ಫಾರೆಕ್ಸ್ ಕಾರ್ಡ್, ಅಂದರೆ ವಿದೇಶಿ ಕರೆನ್ಸಿ ಮೊದಲೇ ತುಂಬಿಸಿಕೊಂಡು ಬಳಸುವ ಕಾರ್ಡ್ ಬೇಕಿತ್ತು. ಸಹೋದ್ಯೋಗಿಯೊಬ್ಬರ ಶಿಫಾರಸು. ವಿಚಾರಿಸಿದರೆ ಆ ಸಹೋದ್ಯೋಗಿ ಡಾಲರ್ ತುಂಬಿದ್ದ ಕಾರ್ಡನ್ನು ಬ್ಯಾಂಕಾಕ್‌ನಲ್ಲಿ ಉಜ್ಜಿ ಬಂದಿದ್ದರು. ಕಾರ್ಡಿನಲ್ಲಿರುವ ಕರೆನ್ಸಿ ಒಂದು, ಖರ್ಚು ಮಾಡುವ ಕರೆನ್ಸಿ ಇನ್ನೊಂದು ಆದರೆ ಕ್ರಾಸ್ ಕರೆನ್ಸಿ ಶುಲ್ಕ ಬೀಳುತ್ತದೆ. ಎಷ್ಟೋ ಕಾರ್ಡುಗಳಲ್ಲಿ ಇದು ನೂರಕ್ಕೆ 3.5ರ ಹತ್ತಿರ. ಡಾಲರ್ ಕೊಳ್ಳುವಾಗ ಒಂದು ಸಲ, ಖರ್ಚು ಮಾಡುವಾಗ ಇನ್ನೊಂದು ಸಲ ಕೊಟ್ಟ ಹಾಗಾಯಿತು. ಅವರಿಗೆ ಅದು ಗೊತ್ತೇ ಇರಲಿಲ್ಲ. ಬಾತ್ ಅನ್ನೇ ತುಂಬಿಸಿಕೊಳ್ಳುವ ಕಾರ್ಡ್‌ಗಳೂ ಇವೆ. ಅಮ್ಮನ ಬ್ಯಾಂಕ್ ಬಾತ್‌ಗೆ ಹೇಳಿದ ದರ 2.56. ಅಂದರೆ ಮಧ್ಯದ ದರಕ್ಕಿಂತ ಶೇ. 3.2 ಜಾಸ್ತಿ. ಕಾರ್ಡ್ ಕೊಡುವ ಶುಲ್ಕ ಬೇರೆ. ಓದಲು ಹೋಗುವ ಮಕ್ಕಳಿಗೆ, ತಿಂಗಳುಗಟ್ಟಲೆ ಅಮೆರಿಕದಲ್ಲೋ ಯುರೋಪಿನಲ್ಲೋ ಇರುವವರಿಗೆ ಫಾರೆಕ್ಸ್ ಕಾರ್ಡ್ ಒಳ್ಳೆಯದೇ. ಒಂದು ವಾರದ ಥಾಯ್ಲೆಂಡ್‌ಗೆ ಅದರ ಅಗತ್ಯ ನನಗೆ ಕಾಣಲಿಲ್ಲ.

ಮಗಳ ಹತ್ತಿರ ಒಂದು ಕ್ರೆಡಿಟ್ ಕಾರ್ಡ್, ಒಂದು ಡೆಬಿಟ್ ಕಾರ್ಡ್ ಇದ್ದವು. ಎರಡಕ್ಕೂ ಫಾರೆಕ್ಸ್ ಮಾರ್ಕಪ್, ಅಂದರೆ ಕರೆನ್ಸಿ ಬದಲಾಯಿಸುವಾಗ ಬ್ಯಾಂಕು ಮೇಲೆ ಸೇರಿಸುವ ಶುಲ್ಕ, ಸೊನ್ನೆ. ‘ಅಂಕಲ್, ಎಲ್ಲಾ ಇದರಲ್ಲೇ ಮುಗಿಸ್ತೀನಿ, ಸುಮ್ನೆ ನೋಟು ಯಾಕೆ’ ಅನ್ನುವುದು ಅವಳ ವಾದ. ಇದು ನಿಜವಾಗಿಯೂ ದೊಡ್ಡ ಅನುಕೂಲ. ಎಷ್ಟೋ ಮಾಮೂಲಿ ಕಾರ್ಡುಗಳಲ್ಲಿ ಮಾರ್ಕಪ್ ಶೇ. 3.5. ಅದರ ಮೇಲೆ ಶೇ. 18 ಜಿಎಸ್‌ಟಿ. ಒಟ್ಟು ಶೇ. 4.13. ಅಪ್ಪನ ಕ್ರೆಡಿಟ್ ಕಾರ್ಡು, ಅಮ್ಮನ ಸಂಬಳದ ಖಾತೆಯ ಡೆಬಿಟ್ ಕಾರ್ಡು ಎರಡೂ ಇದೇ ಜಾತಿಯವು.

ಅಪ್ಪನಿಗೆ ಇನ್ನೊಂದು ಹೆದರಿಕೆಯಿತ್ತು. ವಿದೇಶದಲ್ಲಿ ಖರ್ಚು ಮಾಡಿದರೆ ಶೇ. 20 ತೆರಿಗೆ ಹಿಡಿಯುತ್ತಾರಂತೆ ಅಂತ. ಅದು ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ವಸೂಲು ಮಾಡಿಕೊಳ್ಳುವ ತೆರಿಗೆ. ಆಗ ವರ್ಷಕ್ಕೆ 7 ಲಕ್ಷ ದಾಟಿದ ಮೇಲಿನ ಮೊತ್ತಕ್ಕೆ ಅನ್ವಯಿಸುತ್ತಿತ್ತು. 2025ರ ಏಪ್ರಿಲ್‌ನಿಂದ ಆ ಮಿತಿ 10 ಲಕ್ಷವಾಗಿದೆ. ಹೊರದೇಶದಲ್ಲಿದ್ದಾಗ ಕ್ರೆಡಿಟ್ ಕಾರ್ಡಿನಲ್ಲಿ ಮಾಡುವ ಖರ್ಚನ್ನು ಆ ಲೆಕ್ಕಕ್ಕೆ ಸೇರಿಸುವ ಯೋಚನೆಯನ್ನು ಸರ್ಕಾರ 2023ರಲ್ಲೇ ಮುಂದಕ್ಕೆ ಹಾಕಿತು. ಇವರ ಒಂದೂವರೆ ಲಕ್ಷಕ್ಕೆ ಇದು ಸಂಬಂಧವೇ ಇಲ್ಲದ ವಿಷಯ.

ಕೊನೆಗೆ ಆದ ತೀರ್ಮಾನ ಹೀಗಿತ್ತು. 300 ಡಾಲರ್, ಮೂರೂ ನೂರರ ನೋಟುಗಳೇ, ಬೆಂಗಳೂರಿನ ಪೇಟೆಯೊಳಗಿನ ಮನಿ ಚೇಂಜರ್ ಹತ್ತಿರ ಕೊಳ್ಳುವುದು. ದೊಡ್ಡ ಬಿಲ್ಲುಗಳಿಗೆಲ್ಲ ಮಗಳ ಕ್ರೆಡಿಟ್ ಕಾರ್ಡ್. ನೋಟು ಸಾಲದೆ ಹೋದರೆ ಅವಳ ಡೆಬಿಟ್ ಕಾರ್ಡಿನಲ್ಲಿ ಎಟಿಎಂ. ಅಮ್ಮನ ಕಾರ್ಡು ಆಪತ್ಕಾಲಕ್ಕೆ.

ಬಾತ್ ಅನ್ನೇ ಇಲ್ಲಿ ಕೊಳ್ಳಬಹುದಿತ್ತಲ್ಲ ಅಂತ ಕೇಳಬಹುದು. ಅದೇ ಅಂಗಡಿಯವರು ಬಾತ್‌ಗೆ 2.60 ಹೇಳಿದರು. ಶೇ. 4.8 ಜಾಸ್ತಿ. ಡಾಲರ್‌ಗೆ 86.10, ಆಗ ಮಧ್ಯದ ದರ 84.80. ಬ್ಯಾಂಕಾಕ್‌ನಲ್ಲಿ ಡಾಲರ್ ಕೊಳ್ಳಲು ಅಂಗಡಿಗಳ ನಡುವೆ ಪೈಪೋಟಿ ಇದೆ. ಸೂಪರ್‌ರಿಚ್ ಹೆಸರಿನ, ಹಸಿರು ಮತ್ತು ಕಿತ್ತಳೆ ಬಣ್ಣದ ಬೋರ್ಡಿನ ಅಂಗಡಿಗಳಲ್ಲಿ ಅಂತರ ಬಹಳ ಕಡಿಮೆ. ಅಲ್ಲಿ 100ರ ನೋಟಿಗೆ ಒಂದು ದರ, ಸಣ್ಣ ನೋಟಿಗೆ ಅದಕ್ಕಿಂತ ಕಮ್ಮಿ ದರ. ನೂರರ ನೋಟೇ ಬೇಕು ಅಂದದ್ದು ಅದಕ್ಕೇ. ಗೀಚಿದ, ಹರಿದ ನೋಟು ಬೇಡ ಅಂತಲೂ ಹೇಳಿ ಕಳಿಸಿದ್ದೆ. ಎರಡು ಸಲ ಬದಲಾಯಿಸಿದರೆ ಎರಡು ಸಲ ನಷ್ಟ ಅಂತ ಅನ್ನಿಸುವುದು ಸಹಜ. ಇಲ್ಲಿ ಮಾತ್ರ ಎರಡು ಸಣ್ಣ ನಷ್ಟ ಸೇರಿದರೂ ಒಂದು ದೊಡ್ಡ ನಷ್ಟಕ್ಕಿಂತ ಕಡಿಮೆ.

ಹೊರಡುವ ಹಿಂದಿನ ದಿನ ಅಮ್ಮನ ಕಾರ್ಡಿನ ಆ್ಯಪ್ ತೆರೆದು ನೋಡಿದರೆ ವಿದೇಶಿ ಬಳಕೆ ಆಫ್ ಆಗಿತ್ತು. 2020ರ ಅಕ್ಟೋಬರ್‌ನಿಂದ ಆರ್‌ಬಿಐ ನಿಯಮದಂತೆ ಹೊಸ ಕಾರ್ಡುಗಳು ದೇಶದೊಳಗಷ್ಟೇ ಕೆಲಸ ಮಾಡುವಂತೆ ಬರುತ್ತವೆ. ಹೊರಗಿನ ಬಳಕೆ ನಾವೇ ಆನ್ ಮಾಡಬೇಕು. ಆನ್ ಮಾಡಿ, 20,000 ರೂಪಾಯಿ ಮಿತಿ ಹಾಕಿ ಇಟ್ಟರು.

ಇಳಿದ ಮೇಲೆ

ಬ್ಯಾಂಕಾಕ್‌ನ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಹೊರಗೆ ಬರುತ್ತಿದ್ದಂತೆ ಸಾಲಾಗಿ ಕರೆನ್ಸಿ ಕೌಂಟರ್‌ಗಳಿವೆ. ಅಪ್ಪ ಬೋರ್ಡ್ ನೋಡಿದರು: 1 ಡಾಲರ್‌ಗೆ 32 ಬಾತ್. ನೆಲಮಾಳಿಗೆಗೆ, ನಗರಕ್ಕೆ ಹೋಗುವ ರೈಲಿನ ಪ್ಲಾಟ್‌ಫಾರ್ಮ್ ಕಡೆ ಇಳಿದರೆ ಅಲ್ಲಿನ ಕೌಂಟರ್‌ನಲ್ಲಿ 34.05. ಒಂದೇ ಕಟ್ಟಡ, ಲಿಫ್ಟಿನಲ್ಲಿ ಕೆಳಗಿಳಿದರೆ ನೂರಕ್ಕೆ ಆರು ಬಾತ್ ಉಳಿತಾಯ. ಮೂರೂ ನೋಟು ಅಲ್ಲೇ ಬದಲಾಯಿಸಿ 10,215 ಬಾತ್ ತೆಗೆದುಕೊಂಡರು. ಬೆಂಗಳೂರಲ್ಲಿ ಕೊಟ್ಟ ಜಿಎಸ್‌ಟಿ ಸೇರಿಸಿ ನೋಡಿದರೂ ಈ ನೋಟುಗಳ ಮೇಲೆ ಆದ ಹೆಚ್ಚಿನ ವೆಚ್ಚ ಶೇ. 2.1. ಇಲ್ಲಿಯವರೆಗೆ ಎಲ್ಲವೂ ಅಂದುಕೊಂಡ ಹಾಗೇ ನಡೆದಿತ್ತು.

ಹೋಟೆಲಿಗೆ ಬಂದಾಗ ರಾತ್ರಿ ಬಹಳ ಹೊತ್ತಾಗಿತ್ತು. ಬಿಲ್ 13,500 ಬಾತ್. ಮಗಳು ಕಾರ್ಡ್ ಕೊಟ್ಟಳು. ಮಷಿನ್ ಭಾರತದ ಕಾರ್ಡು ಅಂತ ಗುರುತಿಸಿ ಎರಡು ಆಯ್ಕೆ ಕೊಟ್ಟಿತು: ಬಾತ್‌ನಲ್ಲಿ ಪಾವತಿಯೋ, ರೂಪಾಯಿಯಲ್ಲೋ? ಕೌಂಟರಿನಲ್ಲಿದ್ದ ಹುಡುಗಿ ನಗುತ್ತಾ ರೂಪಾಯಿ ಒತ್ತಿ, ಸ್ಲಿಪ್ ಮತ್ತು ಪೆನ್ನು ಮುಂದಿಟ್ಟಳು. ಅಮ್ಮ ಪಕ್ಕದಲ್ಲೇ ಸೂಟ್‌ಕೇಸ್ ಮೇಲೆ ತೂಕಡಿಸುತ್ತಾ ಕೂತಿದ್ದರು. ಮಗಳು ಸಹಿ ಹಾಕಿದಳು. ಮೊಬೈಲಿನ ಬ್ಯಾಂಕ್ ಆ್ಯಪ್‌ಗೆ ಬಂದ ಮೆಸೇಜ್: 35,600 ರೂಪಾಯಿ.

ಇದನ್ನು ಡೈನಮಿಕ್ ಕರೆನ್ಸಿ ಕನ್ವರ್ಶನ್ ಅನ್ನುತ್ತಾರೆ, ಚಿಕ್ಕದಾಗಿ ಡಿಸಿಸಿ. ರೂಪಾಯಿ ಅಂತ ಒತ್ತಿದ ಕೂಡಲೇ ದರ ನಿಗದಿ ಮಾಡುವ ಅಧಿಕಾರ ನಮ್ಮ ಕಾರ್ಡಿನ ಜಾಲದಿಂದ (ವೀಸಾ, ಮಾಸ್ಟರ್‌ಕಾರ್ಡ್ ಇಂಥವು) ತಪ್ಪಿ, ಆ ಮಷಿನ್ ಇಟ್ಟವರ ಕೈಗೆ ಹೋಗುತ್ತದೆ. ಅವರು ಹಾಕಿದ ದರ 2.637. ಬಾತ್ ಅಂತ ಒತ್ತಿದ್ದರೆ ಕಾರ್ಡಿನ ಜಾಲದ ದರ 2.49ರಂತೆ 33,615 ರೂಪಾಯಿ ಆಗುತ್ತಿತ್ತು. ಅಷ್ಟೇ ಅಲ್ಲ. ವಿದೇಶದ ಅಂಗಡಿಯಲ್ಲಿ ರೂಪಾಯಿಯಲ್ಲಿ ನಡೆದ ವ್ಯವಹಾರಕ್ಕೆ ಅವಳ ಬ್ಯಾಂಕು ಶೇ. 1 ಶುಲ್ಕ ಮತ್ತು ಜಿಎಸ್‌ಟಿ ಅಂತ 420 ರೂಪಾಯಿ ಬೇರೆ ಹಾಕಿತ್ತು. ಒಂದೇ ಗುಂಡಿಗೆ 2,405 ರೂಪಾಯಿ. ಮಾರ್ಕಪ್ ಸೊನ್ನೆ ಅನ್ನುವ ಮಾತು ಬ್ಯಾಂಕು ದರ ಬದಲಾಯಿಸುವಾಗ ಮಾತ್ರ ಲಾಗೂ. ಬ್ಯಾಂಕಿನ ತನಕ ರೂಪಾಯಿಯೇ ಬಂದರೆ ಅದು ಬದಲಾಯಿಸಬೇಕಾದ್ದು ಏನಿದೆ?

ಮರುದಿನ ಬೆಳಿಗ್ಗೆ ತಿಂಡಿ ಹೊತ್ತಿಗೆ ಮಗಳಿಗೆ ಅನುಮಾನ ಬಂತು. ರೈಲಿನ ಗೇಟಿನಲ್ಲಿ ಅದೇ ಕಾರ್ಡು ತಟ್ಟಿದಾಗ ಮೆಸೇಜ್ ಬಾತ್‌ನಲ್ಲಿ ಬಂದಿತ್ತು, ಹೋಟೆಲಿನದು ಮಾತ್ರ ರೂಪಾಯಿಯಲ್ಲಿ. ಸ್ಲಿಪ್ ತೆಗೆದು ನೋಡಿದರೆ ಕೆಳಗೆ ಸಣ್ಣ ಅಕ್ಷರದಲ್ಲಿ ದರ ಇತ್ತು. ಜೊತೆಗೆ ‘ಗ್ರಾಹಕರು ಸ್ವಇಚ್ಛೆಯಿಂದ ಆಯ್ಕೆ ಮಾಡಿಕೊಂಡಿದ್ದಾರೆ’ ಎಂಬರ್ಥದ ಸಾಲು. ಕೌಂಟರಿಗೆ ಹೋಗಿ ರದ್ದು ಮಾಡಿ ಬಾತ್‌ನಲ್ಲಿ ಮತ್ತೆ ಉಜ್ಜಿ ಅಂತ ಕೇಳಿದಳು. ರಾತ್ರಿಯ ಲೆಕ್ಕ ಮುಗಿಸಿ ಕಳಿಸಿಯಾಗಿದೆ, ಈಗ ಆಗುವುದಿಲ್ಲ ಅಂದರು. ಆ ಕ್ಷಣದಲ್ಲೇ ಕೇಳಿದ್ದರೆ ರದ್ದಾಗುತ್ತಿತ್ತು. ಸಹಿ ಹಾಕಿದ್ದರಿಂದ ಬ್ಯಾಂಕಿಗೆ ದೂರು ಕೊಟ್ಟರೂ ಗಟ್ಟಿ ಆಧಾರವಿಲ್ಲ.

ಅಲ್ಲಿಂದ ಮುಂದೆ ಅವಳು ಒಂದು ಪದ್ಧತಿ ಮಾಡಿಕೊಂಡಳು. ಕಾರ್ಡ್ ಕೊಡುವ ಮೊದಲೇ ‘ಥಾಯ್ ಬಾತ್ ಪ್ಲೀಸ್’ ಅನ್ನುವುದು, ಮಷಿನ್ನಿನ ಪರದೆ ತನ್ನ ಕಡೆ ತಿರುಗಿಸಿಕೊಳ್ಳುವುದು, ಸಹಿಗೆ ಮುಂಚೆ ಸ್ಲಿಪ್ಪಿನಲ್ಲಿ ಯಾವ ಕರೆನ್ಸಿ ಇದೆ ನೋಡುವುದು. ಆಮೇಲೆ ಈ ಬಾಬತ್ತಿನಲ್ಲಿ ಒಂದು ಪೈಸೆಯೂ ಹೋಗಲಿಲ್ಲ. ಆ ಕಾರ್ಡಿನಲ್ಲಿ ಬಾತ್‌ನಲ್ಲೇ ಖರ್ಚಾದ 21,000 ಬಾತ್‌ಗೆ ಮಧ್ಯದ ದರಕ್ಕಿಂತ ಜಾಸ್ತಿ ಆದದ್ದು ಬರೀ 210 ರೂಪಾಯಿ. ಆ ಕಾರ್ಡ್ ಎಷ್ಟು ಒಳ್ಳೆಯದು ಅಂತ ಇದರಲ್ಲೇ ಗೊತ್ತಾಗುತ್ತದೆ.

ನಡುವೆ ಒಂದು ಸಲ ಮಾಲ್‌ನಲ್ಲಿ ಕಾರ್ಡೇ ನಡೆಯಲಿಲ್ಲ. ಬ್ಯಾಂಕಿನ ಭದ್ರತಾ ವ್ಯವಸ್ಥೆಗೆ ಅನುಮಾನ ಬಂದು ತಡೆದಿತ್ತು. ರೋಮಿಂಗ್ ಇಲ್ಲದ್ದರಿಂದ ಒಟಿಪಿ ಬರುವಂತಿಲ್ಲ, ಕರೆ ಮಾಡುವಂತಿಲ್ಲ. 6,200 ಬಾತ್ ಬಿಲ್ ಅಮ್ಮನ ಕಾರ್ಡಿನಲ್ಲಿ ಕಟ್ಟಿದರು. ಮಾರ್ಕಪ್, ಜಿಎಸ್‌ಟಿ ಸೇರಿ 638 ರೂಪಾಯಿ ಹೋಯಿತು. ‘ನೋಡ್ರೀ, ನನ್ನ ಕಾರ್ಡೇ ದಂಡ’ ಅಂತ ಅಮ್ಮ ಗಂಡನ ಹತ್ತಿರ ಬೇಜಾರು ಮಾಡಿಕೊಂಡರಂತೆ. ನನ್ನ ಪ್ರಕಾರ ಇದು ಇಡೀ ಪ್ರವಾಸದಲ್ಲಿ ಸರಿಯಾಗಿ ಖರ್ಚಾದ ಶುಲ್ಕ. ಬೇರೆ ಬ್ಯಾಂಕಿನ ಎರಡನೇ ಕಾರ್ಡು ಇಲ್ಲದಿದ್ದರೆ ಆ ರಾತ್ರಿ ಮಾಲ್‌ನೊಳಗಿನ ಯಾವುದೋ ದುಬಾರಿ ಕೌಂಟರ್ ಹುಡುಕಬೇಕಾಗುತ್ತಿತ್ತು. ಅಗ್ಗ ಅಂತ ಒಂದೇ ಕಾರ್ಡು ನಂಬಿಕೊಂಡು ಹೋಗುವುದು ನನಗೆ ಯಾವತ್ತೂ ಸರಿ ಕಂಡಿಲ್ಲ.

ಕ್ರಾಬಿಯಲ್ಲಿ ನೋಟಿನ ಬರ

ಬ್ಯಾಂಕಾಕ್‌ನಲ್ಲಿ ನೋಟು ಬೇಗ ಕರಗಿತ್ತು. ಅರಮನೆಯ ಟಿಕೆಟ್ ತಲಾ 500 ಬಾತ್, ವಾಟ್ ಫೋ ದೇವಾಲಯ 300. ಮೂವರೆಂದರೆ ಇವೆರಡಕ್ಕೇ 2,400. ಬೀದಿ ಬದಿಯ ಊಟ, ಟುಕ್‌ಟುಕ್, ಚಾಟುಚಾಕ್ ವಾರದ ಸಂತೆ ಎಲ್ಲ ಕಡೆ ನೋಟು ಇಲ್ಲವೇ ಕ್ಯೂಆರ್. ಕ್ಯೂಆರ್ ನೋಡಿ ಅಪ್ಪ ಖುಷಿಯಿಂದ ಫೋನ್ ಪೇ ತೆರೆದರು. ಅದು ಥಾಯ್ ಜನರ ಪ್ರಾಂಪ್ಟ್‌ಪೇ, ನಮ್ಮ ಯುಪಿಐ ಅಲ್ಲ. ಸಿಂಗಾಪುರ, ಯುಎಇ, ಶ್ರೀಲಂಕಾ, ನೇಪಾಳದ ಕೆಲವು ಅಂಗಡಿಗಳಲ್ಲಿ ಯುಪಿಐ ನಡೆಯುತ್ತದೆ ಅಂತ ಓದಿದ್ದ ಅವರು ಇಲ್ಲೂ ನಡೆಯುತ್ತೆ ಅಂದುಕೊಂಡಿದ್ದರು.

ಕ್ರಾಬಿಗೆ ಹೋದಾಗ ಕೈಯಲ್ಲಿ ಹೆಚ್ಚು ನೋಟು ಉಳಿದಿರಲಿಲ್ಲ. ಅಲ್ಲಿ ನೋಟಿನ ಅಗತ್ಯ ಇನ್ನೂ ಜಾಸ್ತಿ. ಆವೊ ನಾಂಗ್ ಕಡಲತೀರದಿಂದ ರೈಲೇ ಎಂಬ ಇನ್ನೊಂದು ತೀರಕ್ಕೆ ಹೋಗುವ ಉದ್ದ ಬಾಲದ ದೋಣಿ, ದ್ವೀಪಗಳ ಪ್ರವೇಶ ಶುಲ್ಕ, ಹಣ್ಣಿನವರು, ಮಸಾಜ್‌ನವರು, ಯಾರೂ ಕಾರ್ಡ್ ಮುಟ್ಟುವುದಿಲ್ಲ. ಎಟಿಎಂ ಹುಡುಕಿದರು. ಮಗಳ ಡೆಬಿಟ್ ಕಾರ್ಡಿಗೆ ಅವಳ ಬ್ಯಾಂಕ್ ಶುಲ್ಕ ಹಾಕುವುದಿಲ್ಲ. ಆದರೆ ಥಾಯ್ಲೆಂಡಿನ ಎಟಿಎಂಗಳು ಹೊರದೇಶದ ಕಾರ್ಡಿಗೆ ಆಗ ಪ್ರತಿ ಸಲ 220 ಬಾತ್ ಕಿತ್ತುಕೊಳ್ಳುತ್ತಿದ್ದವು. 1,000 ತೆಗೆದರೂ 220, 20,000 ತೆಗೆದರೂ 220.

ಇಲ್ಲಿ ಅಪ್ಪನ ಮಾತು ನಡೆಯಿತು. ‘ಅಷ್ಟೊಂದು ನೋಟು ಇಟ್ಕೊಂಡು ದೋಣಿ ಹತ್ತೋದು ಬೇಡ ಪುಟ್ಟಿ, ಬೇಕಾದಷ್ಟೇ ತೆಗಿ.’ 3,000 ಬಾತ್ ತೆಗೆದರು. ಸಂಜೆಗೆ ಖಾಲಿ. ಮತ್ತೆ 3,000. ಹೀಗೆ ನಾಲ್ಕು ಸಲ. ಪ್ರತಿ ಸಲವೂ ಪರದೆ ಮೇಲೆ ಕನ್ವರ್ಶನ್ ಒಪ್ಪುತ್ತೀರಾ ಅಂತ ಕೇಳಿತ್ತು. ಪ್ರತಿ ಸಲವೂ ಮಗಳು ಬೇಡ ಅಂತ ಒತ್ತಿದ್ದಳು. ಹೋಟೆಲಿನ ಪಾಠ ಅಷ್ಟು ಚೆನ್ನಾಗಿ ನೆನಪಿತ್ತು. ಆದರೆ 220 ಮಾತ್ರ ಪ್ರತಿ ಸಲ ಹೋಗುತ್ತಲೇ ಇತ್ತು. 3,000ಕ್ಕೆ 220 ಅಂದರೆ ಶೇ. 7.3. ಅವರು ಬೇಡ ಅಂದ ಆ ಕನ್ವರ್ಶನ್‌ನಷ್ಟೇ ದುಬಾರಿ. ಒಂದೇ ಸಲ 12,000 ತೆಗೆದಿದ್ದರೆ 660 ಬಾತ್, ಅಂದರೆ 1,643 ರೂಪಾಯಿ ಉಳಿಯುತ್ತಿತ್ತು.

ಶೇಕಡಾವಾರು ಶುಲ್ಕವನ್ನು ಎಲ್ಲರೂ ಗಮನಿಸುತ್ತಾರೆ. ‘ಸಲಕ್ಕೆ ಇಷ್ಟು’ ಅನ್ನುವ ಶುಲ್ಕ ಸಣ್ಣದಾಗಿ ಕಾಣುತ್ತದೆ, ಯಾಕೆಂದರೆ ಅದನ್ನು ನಾವು ಯಾವುದಕ್ಕೂ ಭಾಗಿಸಿ ನೋಡುವುದಿಲ್ಲ. ಕಳ್ಳತನದ ಭಯ ಸುಳ್ಳು ಅಂತ ನಾನು ಹೇಳುತ್ತಿಲ್ಲ. 12,000 ಬಾತ್ ಅಂದರೆ ಸುಮಾರು 30,000 ರೂಪಾಯಿ. ಹೋಟೆಲ್ ಕೋಣೆಯಲ್ಲಿ ಲಾಕರ್ ಇತ್ತು. ಮೂವರು ಹಂಚಿಕೊಂಡು ಇಟ್ಟುಕೊಳ್ಳಬಹುದಿತ್ತು. ಆ ಯೋಚನೆ ಆಗ ಹೊಳೆದಿರಲಿಲ್ಲ, ಅಷ್ಟೆ.

ಕೊನೆಯ ದಿನದ ಕೆಲಸವನ್ನು ಮಾತ್ರ ಅಮ್ಮ ಜಾಣತನದಿಂದ ಮಾಡಿದರು. ಕೈಯಲ್ಲಿ ಸುಮಾರು 2,300 ಬಾತ್ ಉಳಿದಿತ್ತು. ವಾಪಸ್ ತಂದು ಬೆಂಗಳೂರಲ್ಲಿ ಮಾರಿದರೆ ಕೊಳ್ಳುವವರು ಹೇಳುವ ದರಕ್ಕೆ ಮತ್ತೊಂದು ಪೆಟ್ಟು. ಕ್ರಾಬಿಯ ಹೋಟೆಲ್ ಬಿಲ್ ಕಟ್ಟುವಾಗ ಮೊದಲು ನೋಟುಗಳನ್ನು ಕೊಟ್ಟು, ಬಾಕಿಯನ್ನಷ್ಟೇ ಕಾರ್ಡಿನಲ್ಲಿ ಕಟ್ಟಿದರು. ಟ್ಯಾಕ್ಸಿಗೆ ಬೇಕಾದಷ್ಟು ಮಾತ್ರ ಉಳಿಸಿಕೊಂಡರು. ಇಷ್ಟು ಚೊಕ್ಕವಾದ ಉಪಾಯವನ್ನು ಯಾವ ಬ್ಯಾಂಕಿನವರೂ ಹೇಳಿಕೊಡುವುದಿಲ್ಲ.

ಕೂಡಿ ಕಳೆದಾಗ

ಒಟ್ಟು ಖರ್ಚು 62,915 ಬಾತ್. ಮಧ್ಯದ ದರದಲ್ಲಿ 1,56,029 ರೂಪಾಯಿ. ಇದರ ಮೇಲೆ ಜಾಸ್ತಿ ಹೋದದ್ದು 6,304 ರೂಪಾಯಿ. ಶೇ. 4. ಮಗಳ ಮುಖ ಸಪ್ಪಗಾಯಿತು. ಸೊನ್ನೆ ಮಾರ್ಕಪ್‌ನ ಎರಡು ಕಾರ್ಡು ಇಟ್ಟುಕೊಂಡೂ, ಅಪ್ಪನ ಮಾಮೂಲಿ ಕ್ರೆಡಿಟ್ ಕಾರ್ಡಿನ ಮಾರ್ಕಪ್‌ನಷ್ಟೇ ಕೊಟ್ಟ ಹಾಗಾಯಿತಲ್ಲ ಅಂತ. ಆದರೆ ಆ ಹೋಲಿಕೆ ಪೂರ್ತಿ ನ್ಯಾಯವಲ್ಲ. ಮಾಮೂಲಿ ಕಾರ್ಡು ಹಿಡಿದಿದ್ದರೂ ಹೋಟೆಲಿನ ಗುಂಡಿ, ಎಟಿಎಂನ 220 ತಪ್ಪುತ್ತಿರಲಿಲ್ಲ. ಅವುಗಳ ಜೊತೆಗೆ, ಬಾತ್‌ನಲ್ಲಿ ಮಾಡಿದ ಉಳಿದ ಖರ್ಚಿಗೆಲ್ಲ ಮಾರ್ಕಪ್ ಕೂಡ ಸೇರುತ್ತಿತ್ತು.

ಬಿಡಿಸಿ ನೋಡಿದರೆ ಚಿತ್ರ ಬೇರೆ. 6,304ರಲ್ಲಿ 2,540 ಹೋದದ್ದು ಮೊದಲ ರಾತ್ರಿಯ ಹೋಟೆಲ್ ಬಿಲ್ಲಿನಲ್ಲಿ, 2,311 ಹೋದದ್ದು ಎಟಿಎಂನಲ್ಲಿ. ಮುಕ್ಕಾಲು ಭಾಗ ಈ ಎರಡರಲ್ಲೇ. ಹೊರಡುವ ಮುಂಚೆ ಯಾವ ಕಾರ್ಡು, ಯಾವ ಚೇಂಜರ್ ಅಂತ ಅಷ್ಟು ಹೊತ್ತು ಚರ್ಚೆ ಮಾಡಿದ ಬಾಬತ್ತುಗಳಲ್ಲಿ ಹೋದದ್ದು ಉಳಿದ ಕಾಲು ಭಾಗ. ಬಾತ್ ಗುಂಡಿ ಒತ್ತಿ, ಎಟಿಎಂಗೆ ಒಂದೇ ಸಲ ಹೋಗಿದ್ದರೆ ಒಟ್ಟು ಹೆಚ್ಚುವರಿ ವೆಚ್ಚ ಶೇ. 1.5ರೊಳಗೆ ನಿಲ್ಲುತ್ತಿತ್ತು. ಅದರಲ್ಲೂ ಅಮ್ಮನ ಕಾರ್ಡಿನ ಆಪತ್ಕಾಲದ ಶುಲ್ಕ ಸೇರಿಯೇ ಇದೆ. ಯೋಜನೆ ಸರಿಯಾಗಿಯೇ ಇತ್ತು. ಅದನ್ನು ನಡೆಸುವಾಗ ರಾತ್ರಿ ನಿದ್ದೆಗಣ್ಣಿನಲ್ಲಿ ಒಂದು, ಹೆದರಿಕೆಯಲ್ಲಿ ಒಂದು ಎಡವಟ್ಟಾಯಿತು.

ಅಪ್ಪ ಮತ್ತು ಮಗಳ ನಡುವೆ ಒಂದು ವಾದ ಇನ್ನೂ ಮುಗಿದಿಲ್ಲ. ಒಂದೇ ಸಲ ದೊಡ್ಡ ಮೊತ್ತ ತೆಗೆದಿದ್ದರೂ ಎಟಿಎಂ ಖರ್ಚು ಶೇ. 2.2 ಆಗುತ್ತಿತ್ತು; ಡಾಲರ್ ನೋಟಿನದು ಶೇ. 2.1. ‘ಹಾಗಾದ್ರೆ ನನ್ನ ಡಾಲರ್ ನೋಟೇ ವಾಸಿ ಅಲ್ವಾ’ ಅನ್ನುವುದು ಅಪ್ಪನ ಪಟ್ಟು. 20,000 ಬಾತ್ ತೆಗೆದಿದ್ದರೆ 220 ಅನ್ನುವುದು ಶೇ. 1.1ಕ್ಕೆ ಇಳಿಯುತ್ತದೆ ಅನ್ನುವುದು ಮಗಳ ಉತ್ತರ. ಇಬ್ಬರ ಲೆಕ್ಕವೂ ಸರಿ. ನೋಟಿನ ಅಗತ್ಯ ಹತ್ತು ಹನ್ನೆರಡು ಸಾವಿರ ಬಾತ್‌ನೊಳಗಿದ್ದು, ಬ್ಯಾಂಕಾಕ್‌ನಂಥ ನಗರಕ್ಕೆ ಇಳಿಯುವುದಾದರೆ ಡಾಲರ್ ಒಯ್ಯಿರಿ ಅಂತಲೇ ನಾನು ಹೇಳುವುದು. ನೇರ ಕ್ರಾಬಿಗೋ ಫುಕೆಟ್‌ಗೋ ಇಳಿಯುವವರಿಗೆ ಡಾಲರ್‌ಗೆ ಅಷ್ಟು ಒಳ್ಳೆ ದರ ಸಿಗುವುದಿಲ್ಲ. ಅಂಥವರಿಗೆ ಸೊನ್ನೆ ಮಾರ್ಕಪ್‌ನ ಡೆಬಿಟ್ ಕಾರ್ಡು, ಒಂದೇ ಸಲದ ಎಟಿಎಂ ವಾಸಿ.